ಗುರುಗಳ ಸೈಕಲ್ಲಿಗೊಂದು ಗೇರ್ ಲಿವರ್

ಕಪಿಲೆಯ ದಡದ ಮಠವೊಂದರಲ್ಲಿ ಮುದ್ದುವೀರಸ್ವಾಮಿ ಎಂಬ ಗುರುಗಳಿದ್ದರು. ತಮ್ಮ ಭಾರವನ್ನು ಇನ್ನೊಬ್ಬರು ಹೊರಬಾರದೆಂದು ದೀಕ್ಷೆಯ ದಿನವೇ ವ್ರತ ಹಿಡಿದವರು. ಪಲ್ಲಕ್ಕಿ ಬೇಡ, ಕಾರೂ ಬೇಡ. ಭಕ್ತರೊಬ್ಬರು ಬಿಟ್ಟುಹೋದ ಹಳೆಯ ಗೇರ್ ಸೈಕಲ್ಲೇ ಅವರ ವಾಹನ. ಕಾವಿ ಪಂಚೆ ಎತ್ತಿ ಕಟ್ಟಿ ಪೆಡಲ್ ತುಳಿಯುವ ಸ್ವಾಮಿಗಳನ್ನು ಕಂಡು ಊರವರು ನಗುತ್ತಿದ್ದರು. ಗುರುಗಳೂ ನಗುತ್ತಿದ್ದರು.

ದಿನಾ ಮಧ್ಯಾಹ್ನ ಅವರು ಗಂಜಿಯ ಡಬ್ಬಿ ಕಟ್ಟಿಕೊಂಡು ಬೆಟ್ಟ ಹತ್ತುತ್ತಿದ್ದರು. ಮೇಲೆ ಚಿಕ್ಕತಾಯಮ್ಮ ಎಂಬ ಮುದುಕಿ ತಂಗಿಯ ಮಗಳ ಆಸರೆಯಲ್ಲಿದ್ದಳು. ಬಹುಕಾಲ ಮಠದ ಅಡುಗೆಮನೆಯಲ್ಲಿ ದುಡಿದವಳು. ಈಗ ಅವಳಿಗೆ ಯಾರ ಗುರುತೂ ಹತ್ತುತ್ತಿರಲಿಲ್ಲ. ಗುರುಗಳು ಉಣಿಸಿದರೆ ಮಾತ್ರ ಬಾಯಿ ಬಿಡುತ್ತಿದ್ದಳು.

ಒಂದು ದಿನ ಸೈಕಲ್ಲಿನ ಮುಂದಿನ ಗೇರ್ ಬದಲಿಸುವ ಲಿವರ್ ಮುರಿದುಹೋಯಿತು. ಚೈನು ದೊಡ್ಡ ಹಲ್ಲುಚಕ್ರದ ಮೇಲೇ ಉಳಿಯಿತು. ಹಳೆಯ ಕಾಲದ ಏರ್ಪಾಡು ಅದು; ತಂತಿ ಎಳೆದು ಹಿಡಿದರಷ್ಟೇ ಚೈನು ಚಿಕ್ಕ ಚಕ್ರಕ್ಕೆ ಇಳಿಯುವುದು. ತಂತಿಯನ್ನು ಬಿಗಿದು ಕಟ್ಟಿ ನೋಡಿದರು, ಜಾರಿತು. ದೊಡ್ಡ ಚಕ್ರದಲ್ಲಿ ಬೆಟ್ಟ ಹತ್ತಲು ಮುದಿ ಮಂಡಿಗಳು ಒಪ್ಪಲಿಲ್ಲ. ನಡೆಯಲು ಹೊರಟ ಗುರುಗಳು ಮೊದಲ ತಿರುವಿನಲ್ಲೇ ಕುಳಿತುಬಿಟ್ಟರು.

ಶಿಷ್ಯ ಶಿವರುದ್ರ ಡಬ್ಬಿ ಹೊತ್ತು ಓಡಿದ. ಸಂಜೆ ತುಂಬಿದ ಡಬ್ಬಿಯನ್ನೇ ವಾಪಸು ತಂದ.

"ಬಾಯೇ ಬಿಡ್ಲಿಲ್ಲ ಬುದ್ಧಿ. ಎಷ್ಟು ಬೇಡ್ಕೊಂಡ್ರೂ ಬಿಡ್ಲಿಲ್ಲ. ಹೀಗೇ ಆದ್ರೆ ಆ ಜೀವ ಉಳಿಯಲ್ಲ."

"ಹಾಗಾದರೆ ಲಿವರ್ ತಗೊಂಡು ಬಾರಪ್ಪಾ" ಎಂದರು ಗುರುಗಳು.

ಶಿವರುದ್ರ ಬೆಳಗಾಗುತ್ತಲೇ ಪೇಟೆಗೆ ಓಡಿದ.

"ಯಾವ ಸೈಕಲ್ಲಿಗೆ?" ಎಂದು ಅಂಗಡಿಯವನು ಕೇಳಿದ.

"ನಮ್ಮ ಗುರುಗಳ ಸೈಕಲ್ಲಿಗೆ!"

ಅಂಗಡಿಯವನೂ ಭಕ್ತನೇ. ಇಂಥ ಉತ್ತರ ಕೇಳಿದ ಮೇಲೆ ಅವನು ಇನ್ನೇನು ಮಾಡಿಯಾನು? ಅಂಗಡಿಯಲ್ಲಿದ್ದ ಅತ್ಯುತ್ತಮ ಲಿವರನ್ನು ತೆಗೆದು ಶಿವರುದ್ರನ ಕೈಗಿಟ್ಟ. ಮೂರು ಹಲ್ಲುಚಕ್ರಗಳಿಗೆ ಮಾಡಿದ್ದು. ಪ್ರತಿ ಹಂತಕ್ಕೂ ಟಕ್ ಎಂದು ನಿಲ್ಲುವಂಥದ್ದು. ಗುರುಗಳಿಗೆ ಒಪ್ಪಿಸುವ ವಸ್ತು ಹೊಸದಾಗಿರಬೇಕು, ಶ್ರೇಷ್ಠವಾಗಿರಬೇಕು ಎಂಬುದು ಮಠದಲ್ಲಿ ಶಿವರುದ್ರ ಕಲಿತ ಮೊದಲ ಪಾಠ. ಅವನು ಅದನ್ನು ಬಾಳೆಲೆಯಲ್ಲಿ ಸುತ್ತಿಸಿಕೊಂಡು ಬಂದ.

ಲಿವರ್ ಕೂಡಿಸಿದ್ದಾಯಿತು. ಒಂದು ಟಕ್ ಒತ್ತಿದರೆ ಚೈನು ಎರಡು ಹಲ್ಲುಚಕ್ರಗಳ ನಡುವೆ ಸಿಕ್ಕಿ ಕರಕರ ಎಂದಿತು. ಇನ್ನೊಂದು ಟಕ್ ಒತ್ತಿದರೆ ಕಳಚಿ ಬಿತ್ತು. ಅಂದೂ ಗುರುಗಳು ಬೆಟ್ಟ ಹತ್ತಲಿಲ್ಲ.

ಶಿವರುದ್ರನಿಗೆ ಅಳುವೇ ಬಂತು. "ಇದಕ್ಕಿಂತ ಒಳ್ಳೇದು ಇಡೀ ಪೇಟೇಲಿ ಇಲ್ಲ ಬುದ್ಧಿ."

"ಇರಲಿಕ್ಕಿಲ್ಲ" ಎಂದರು ಗುರುಗಳು. "ಸೈಕಲ್ಲನ್ನ ಕೇಳಿದ್ಯಾ?"

ಅವರು ಹೊಸ ಲಿವರನ್ನು ಬಿಚ್ಚಿ ಬದಿಗಿಟ್ಟರು. ಬರಿಯ ತಂತಿಯ ತುದಿಯನ್ನು ಶಿಷ್ಯನ ಬೆರಳಿಗೆ ಕೊಟ್ಟು, ಹಿಂದಿನ ಚಕ್ರ ಎತ್ತಿ ಪೆಡಲ್ ತಿರುಗಿಸಿದರು.

"ಎಳಿ."

ಶಿವರುದ್ರ ಜೋರಾಗಿ ಎಳೆದ. ಚೈನು ಕಳಚಿತು.

ಗುರುಗಳು ಚೈನು ಕೂಡಿಸಿದರು. "ಎಳಿ."

ಈ ಸಲ ಹೆದರಿ ಎಳೆದ. ಕರಕರ ಸದ್ದು.

"ಎಳಿ."

ಬೆರಳು ಕೆಂಪಾಗುವವರೆಗೂ ಎಳೆದ. ಕೊನೆಗೊಮ್ಮೆ ಚೈನು ಸದ್ದಿಲ್ಲದೆ ಚಿಕ್ಕ ಚಕ್ರದ ಮೇಲೆ ಹೋಗಿ ಕುಳಿತಿತು.

"ಎಷ್ಟು ಎಳೆದೆ?"

"ಅದು ಬರೋವಷ್ಟು ಬುದ್ಧಿ."

"ಈಗ ಅಂಗಡಿಗೆ ಹೋಗು. ಸೈಕಲ್ಲನ್ನೂ ಜೊತೇಲಿ ಕರ್ಕೊಂಡು ಹೋಗು."

ಅಂಗಡಿಯವನು ಮತ್ತೆ ಕೇಳಿದ. ಈ ಬಾರಿ ಶಿವರುದ್ರ ಗುರುಗಳ ಹೆಸರೆತ್ತಲಿಲ್ಲ. "ಮುಂದೆ ಎರಡೇ ಹಲ್ಲುಚಕ್ರ. ನೇರ ಹ್ಯಾಂಡಲ್. ತಂತಿ ಎಳೆದರೆ ಚಿಕ್ಕದಕ್ಕೆ ಇಳಿಯುತ್ತೆ. ಎಳೆಯಬೇಕಾದ್ದು ಇಷ್ಟು" ಎಂದು ಬೆರಳ ಸಂದಿಯಲ್ಲಿ ತೋರಿಸಿದ.

ಅಂಗಡಿಯವನು ಹೊಸ ಲಿವರನ್ನು ಹಿಂದಕ್ಕೆ ಪಡೆದು, ಹಳೆಯ ಸಾಮಾನಿನ ಡಬ್ಬದಿಂದ ಬೇರೊಂದನ್ನು ಹುಡುಕಿ ತೆಗೆದ. ಟಕ್ ಎನ್ನುವ ನಿಲುಗಡೆಗಳೇ ಅದಕ್ಕಿರಲಿಲ್ಲ. ಹೆಬ್ಬೆರಳು ಎಲ್ಲಿ ನಿಲ್ಲಿಸಿದರೆ ಅಲ್ಲಿ ನಿಲ್ಲುವುದು. ಯಾರೋ ಬಳಸಿ ಸವೆಸಿದ್ದು.

ಬಳಸಿದ ವಸ್ತುವನ್ನು ಗುರುಗಳ ಮುಂದಿಡಲು ಶಿವರುದ್ರನಿಗೆ ನಾಚಿಕೆ. ತಲೆ ತಗ್ಗಿಸಿ ಇಟ್ಟ. ಗುರುಗಳು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು.

ಮರುದಿನ ಮಧ್ಯಾಹ್ನ ಗುರುಗಳು ಬೆಟ್ಟ ಹತ್ತಿದರು. ಶಿಷ್ಯ ಹಿಂದೆ ಓಡಿದ.

ಚಿಕ್ಕತಾಯಮ್ಮ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಗುರುಗಳು ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಚಮಚವನ್ನು ಕೆಳತುಟಿಗೆ ತಾಗಿಸಿ, ಹಾಗೇ ಕುಳಿತರು. ಕರೆಯಲಿಲ್ಲ, ಒತ್ತಾಯಿಸಲಿಲ್ಲ. ಕೋಳಿಯೊಂದು ಒಳಗೆ ಬಂದು ಸುತ್ತಾಡಿ ಹೊರಗೆ ಹೋಯಿತು. ಆಮೇಲೆ ತುಟಿ ತೆರೆಯಿತು.

ಅರ್ಧ ಡಬ್ಬಿ ಖಾಲಿಯಾದಾಗ ಗುರುಗಳು ಚಮಚವನ್ನು ಶಿವರುದ್ರನ ಕೈಗಿಟ್ಟರು.

"ನನ್ನ ಕೈಗೆ ಬಾಯಿ ಬಿಡಲ್ಲ ಬುದ್ಧಿ."

"ನೀನು ಬಿಡಿಸೋಕೆ ಹೋಗಬೇಡ."

ಶಿವರುದ್ರ ಚಮಚ ತಾಗಿಸಿದ. ತಳ್ಳಬೇಕೆನಿಸಿತು, ತಳ್ಳಲಿಲ್ಲ. ತೆಗೆದುಬಿಡೋಣವೆನಿಸಿತು, ತೆಗೆಯಲಿಲ್ಲ. ಕೈ ಸೋಲುತ್ತಾ ಬಂತು. ಮುದುಕಿ ಬಾಯಿ ತೆರೆದಳು.

ಡಬ್ಬಿ ಬರಿದಾಗುವವರೆಗೂ ಅವನೇ ಉಣಿಸಿದ. ಅವನ ಕಣ್ಣಲ್ಲಿ ನೀರು ತುಂಬಿ ಬಂತು. ಎದ್ದು ಗುರುಗಳ ಪಾದ ಹಿಡಿದ.

"ನಿಮ್ಮ ಋಣ ಹೇಗೆ ತೀರಿಸಲಿ ಬುದ್ಧಿ?"

ಗುರುಗಳು ಅವನನ್ನು ಎಬ್ಬಿಸಿ, ಅವನ ಮುಗಿದ ಕೈಗಳನ್ನು ಮುದುಕಿಯ ಕಡೆಗೆ ತಿರುಗಿಸಿದರು.

"ನಮ್ಮವ್ವ ತೀರಿಕೊಂಡಾಗ ನನ್ನನ್ನ ಮಠಕ್ಕೆ ತಂದು ಬಿಟ್ಟಿದ್ರು. ನಾನೂ ಹೀಗೇ ಬಾಯಿ ಮುಚ್ಕೊಂಡು ಕೂತಿದ್ದೆ ಕಣಪ್ಪಾ. ಈ ತಾಯಿ ಕಾದ್ಲು."