ಜೀರುಂಡೆಗಳು ಒಮ್ಮೆಲೇ ಸುಮ್ಮನಾಗುವುದೇಕೆ

ಲೋಕ ಇನ್ನೂ ಹಸಿಯಾಗಿದ್ದ ಕಾಲ. ಬೆಟ್ಟಗಳಿಗೆ ಯಾರೂ ಹೆಸರಿಟ್ಟಿರಲಿಲ್ಲ. ಸೂರ್ಯ ಮುಳುಗಿದರೆ ಮತ್ತೆ ಹುಟ್ಟುತ್ತಾನೋ ಇಲ್ಲವೋ ಎಂದು ಎಲ್ಲರಿಗೂ ಭಯ.

ಒಂದು ಬೆಟ್ಟದ ನೆತ್ತಿಯ ಮೇಲೆ ಬೊಮ್ಮಜ್ಜಿ ಎಂಬ ಮುದುಕಿ ಇದ್ದಳು. ಬಂಡೆಯ ಮೇಲೆ ಕಣ್ಣು ಮುಚ್ಚಿ ಕೂತು, ಬಹಳ ಕಾಲ ಕಿವಿಗೊಟ್ಟು, ಅವಳು ಒಂದು ನಾದವನ್ನು ಕೇಳಿಸಿಕೊಂಡಿದ್ದಳು. ಅದನ್ನೇ ಮೆಲ್ಲಗೆ ಬಾಯಲ್ಲಿ ಹೇಳುತ್ತಿದ್ದಳು. ಓಂ. ಓಂ. ಅದನ್ನು ಕೇಳಿದವರ ಎದೆಯ ಭಯ ಇಳಿಯುತ್ತಿತ್ತು.

ಗಾಳಿ ಬಂದು, "ನನಗೂ ಹೇಳಿಕೊಡು ಅಜ್ಜಿ" ಎಂದಿತು. ಅಜ್ಜಿ ಹೇಳಿಕೊಟ್ಟಳು. ಗಾಳಿ ಅದನ್ನು ಗವಿಯೊಳಗೆ ಒಯ್ದು ಹೇಳಿಕೊಂಡಿತು.

ಹೊಳೆ ಬಂದು, "ನನಗೂ ಹೇಳಿಕೊಡು ಅಜ್ಜಿ" ಎಂದಿತು. ಅಜ್ಜಿ ಹೇಳಿಕೊಟ್ಟಳು. ಹೊಳೆ ಅದನ್ನು ಕಲ್ಲುಗಳ ಕೆಳಗೆ ಹೇಳಿಕೊಂಡಿತು.

ಕೊನೆಗೆ ಬಂದದ್ದು ಜೀರುಂಡೆ.

"ನಿನ್ನ ಮೈ ಇಷ್ಟೇ ಇಷ್ಟು. ನಾದ ದೊಡ್ಡದು. ಎಲ್ಲಿ ಇಟ್ಟುಕೊಳ್ಳುತ್ತೀಯ?" ಎಂದಳು ಅಜ್ಜಿ.

"ನನ್ನ ಹೊಟ್ಟೆ ಟೊಳ್ಳು ಅಜ್ಜಿ. ಹಿಡಿಸುತ್ತೆ."

ಅಜ್ಜಿ ನಕ್ಕಳು. ಅದಕ್ಕೂ ಹೇಳಿಕೊಟ್ಟಳು. ಅಷ್ಟು ಸಣ್ಣ ಮೈಯಿಂದ ಹೊರಟ ನಾದ 'ಜೀ' ಎಂದು ಕೇಳಿಸಿತು. ಅಜ್ಜಿ ಬೇಸರಪಡಲಿಲ್ಲ. "ಅದೂ ಅದೇ" ಎಂದಳು.

ಜೀರುಂಡೆ ತನ್ನ ಬಳಗಕ್ಕೆಲ್ಲ ಕಲಿಸಿತು. ಮರಮರದಲ್ಲೂ ಜಪ ಎದ್ದಿತು. ಗಾಳಿಗೆ ಆಗಾಗ ನಿದ್ದೆ ಬರುತ್ತಿತ್ತು, ಹೊಳೆ ಬೇಸಿಗೆಯಲ್ಲಿ ಸೊರಗುತ್ತಿತ್ತು. ಜೀರುಂಡೆಗಳಿಗೆ ಮಾತ್ರ ದಣಿವೇ ಇಲ್ಲ. ಸೂರ್ಯ ಮುಳುಗಿದಾಗಲೂ ಹೇಳುತ್ತಿದ್ದವು, ಹುಟ್ಟಿದಾಗಲೂ ಹೇಳುತ್ತಿದ್ದವು. ಹೀಗೆ ಹೇಳುತ್ತ ಹೇಳುತ್ತ, ತಮ್ಮ ಜಪದಿಂದಲೇ ಸೂರ್ಯ ಮರಳಿ ಬರುತ್ತಿದ್ದಾನೆ ಎಂದು ನಂಬಿಬಿಟ್ಟವು. ನಿಲ್ಲಿಸಿದರೆ ಲೋಕವೂ ನಿಂತುಹೋಗುತ್ತದೆ ಎಂದು ಹೆದರಿದವು.

"ಸ್ವಲ್ಪ ಹೊತ್ತು ಸುಮ್ಮನಿರಿ ಮಕ್ಕಳೇ" ಎಂದು ಅಜ್ಜಿ ಮರಗಳ ಕೆಳಗಿನಿಂದ ಹೇಳುತ್ತಿದ್ದಳು. ಅವುಗಳ ಸದ್ದಿನಲ್ಲಿ ಅವಳ ಮಾತು ಅವಕ್ಕೆ ಕೇಳಿಸುತ್ತಿರಲಿಲ್ಲ.

ಒಂದು ಮಧ್ಯಾಹ್ನ ಈರವ್ವ ಎಂಬ ತಾಯಿ ಕಾಡುಗೆಣಸು ಅಗೆಯಲು ಬೆಟ್ಟಕ್ಕೆ ಬಂದಳು. ಜೊತೆಯಲ್ಲಿ ಅವಳ ಮಗಳು ಚೆಲುವಿ, ಆಗತಾನೇ ನಡೆಯಲು ಕಲಿತ ಕೂಸು. ಈರವ್ವ ಅವಳನ್ನು ನೆರಳಲ್ಲಿ ಕೂರಿಸಿ, ಬಗ್ಗಿ ನೆಲ ಅಗೆದಳು. ಗೆಣಸು ಆಳದಲ್ಲಿತ್ತು. ತಲೆ ಎತ್ತಿ ನೋಡಿದರೆ ನೆರಳಿತ್ತು, ಕೂಸು ಇರಲಿಲ್ಲ.

"ಚೆಲುವೀ" ಎಂದು ಕೂಗಿದಳು. ಜೀ ಎಂಬ ಸದ್ದು ಅವಳ ಕೂಗನ್ನು ಮುಚ್ಚಿಹಾಕಿತು. ಪೊದೆ ಪೊದೆಯನ್ನೂ ಸರಿಸಿ ನೋಡಿದಳು. ಮಗು ಎಲ್ಲೋ ಅಳುತ್ತಿದ್ದರೂ ಕೇಳಿಸುವಂತಿರಲಿಲ್ಲ.

ಗಾಳಿಯನ್ನು ಕೇಳಿದಳು. "ನನಗೂ ಏನೂ ಕೇಳಿಸುತ್ತಿಲ್ಲ ತಾಯಿ" ಎಂದಿತು ಗಾಳಿ. ಹೊಳೆಯನ್ನು ಕೇಳಿದಳು. "ನನ್ನ ದನಿಯೇ ನನಗೆ ಕೇಳಿಸುತ್ತಿಲ್ಲವಲ್ಲ" ಎಂದಿತು ಹೊಳೆ.

ಈರವ್ವ ಓಡಿಹೋಗಿ ಬೊಮ್ಮಜ್ಜಿಯ ಕಾಲ ಬಳಿ ಕುಸಿದಳು. ಅವಳ ಬರಿದಾದ ಮಡಿಲು ನೋಡಿಯೇ ಅಜ್ಜಿಗೆ ಗೊತ್ತಾಯಿತು. ಅವಳು ಎದ್ದು, ತನ್ನಿಂದ ಮೊದಲು ಕಲಿತ ಹಿರಿಯ ಜೀರುಂಡೆ ಕೂತಿದ್ದ ಮರದ ಹತ್ತಿರ ನಡೆದಳು. ಅಂಗೈಯಿಂದ ಅದನ್ನು ಮೆತ್ತಗೆ ಮುಚ್ಚಿ, ತುಟಿಯನ್ನು ಬೆರಳ ಸಂದಿಗಿಟ್ಟು ಮಾತಾಡಿದಳು.

"ಈ ತಾಯಿಯ ಕೂಸು ಕಳೆದುಹೋಗಿದೆ. ನಿಲ್ಲಿಸು."

"ನಿಲ್ಲಿಸಿದರೆ ಸೂರ್ಯ ಬಿದ್ದುಹೋದರೆ?"

"ಬೀಳಲಾರ ಅನ್ನಿಸುತ್ತೆ."

"ಅನ್ನಿಸುತ್ತೆ ಅಂದರೆ? ನಿನಗೆ ಗೊತ್ತಿಲ್ಲವಾ ಅಜ್ಜಿ?"

ಅಜ್ಜಿ ಸುಳ್ಳು ಹೇಳಲಿಲ್ಲ. "ಗೊತ್ತಿಲ್ಲ. ನೀವು ಯಾವತ್ತೂ ನಿಲ್ಲಿಸಿಲ್ಲ, ನಾನು ಯಾವತ್ತೂ ನೋಡಿಲ್ಲ. ಆದರೆ ಆ ಕೂಸು ಎಲ್ಲೋ ತಾಯಿಯನ್ನು ಕರೆಯುತ್ತಿದೆ. ಅದು ನನಗೆ ಗೊತ್ತು."

ಜೀರುಂಡೆ ಅವಳ ಕೈಯೊಳಗೆ ರೆಕ್ಕೆ ಮಡಚಿತು. ಆಮೇಲೆ ಅದು ನಿಲ್ಲಿಸಿತು.

ಅದು ನಿಲ್ಲಿಸಿದ್ದು ಪಕ್ಕದ ಕೊಂಬೆಗೆ ತಿಳಿಯಿತು, ಪಕ್ಕದ ಮರಕ್ಕೆ ತಿಳಿಯಿತು, ಇಡೀ ಬೆಟ್ಟಕ್ಕೆ ತಿಳಿಯಿತು. ಎಲ್ಲವೂ ನಿಲ್ಲಿಸಿದವು. ಹೊಳೆ ಉಸಿರು ಬಿಗಿಹಿಡಿಯಿತು. ಜಿಂಕೆಗಳು ಕತ್ತೆತ್ತಿ ಸೂರ್ಯನನ್ನೇ ನೋಡಿದವು. ಈರವ್ವ ಎರಡೂ ಕೈಗಳಿಂದ ನೆಲವನ್ನು ಹಿಡಿದುಕೊಂಡಳು.

ಸೂರ್ಯ ಬೀಳಲಿಲ್ಲ. ಒಂದು ಎಲೆ ಕೂಡ ಬೀಳಲಿಲ್ಲ.

ಆಗ, ಬಂಡೆಗಳ ನಡುವಿನ ಬಿರುಕಿನಿಂದ ಎಳೆಯ ದನಿಯೊಂದು ಬಂತು. "ಅವ್ವಾ."

ಈರವ್ವ ಓಡಿದಳು. ಬಿರುಕಿನೊಳಗೆ ತೋಳು ತೂರಿಸಿ ಮಗಳನ್ನು ಮೇಲಕ್ಕೆಳೆದು ಎದೆಗವಚಿಕೊಂಡಳು. ಮಂಡಿ ತರಚಿತ್ತು, ಮುಖವೆಲ್ಲ ಮಣ್ಣು. ತಾಯಿ ಅತ್ತಳು. ಕೂಸು ತಾಯಿಯ ಅಳು ನೋಡಿ ತನ್ನ ಅಳು ನಿಲ್ಲಿಸಿತು.

ಅಜ್ಜಿ ಅಂಗೈ ತೆರೆದಳು. "ಇನ್ನು ಶುರು ಮಾಡು" ಎಂದಳು. ಜೀರುಂಡೆ ಅಲುಗಲಿಲ್ಲ.

"ಯಾಕೋ?"

"ಸ್ವಲ್ಪ ತಾಳು ಅಜ್ಜಿ. ನಾನು ನಿಲ್ಲಿಸಿದೆ. ಆ ನಾದ ನಿಂತಿಲ್ಲ."

ಅಜ್ಜಿಯ ಕಣ್ಣು ತುಂಬಿತು. "ಹೌದು. ಬಂಡೆಯ ಮೇಲೆ ಕೂತು ನಾನು ಕೇಳಿದ್ದು ಅದನ್ನೇ. ಯಾರೂ ಹೇಳದಿದ್ದರೂ ಇರುತ್ತಲ್ಲ, ಅದನ್ನು."

"ಹಾಗಾದರೆ ನಾನು ಹೇಳುವುದು ಯಾಕೆ?"

ಅಜ್ಜಿ ಜಿಂಕೆಗಳತ್ತ ನೋಡಿದಳು. "ಇಷ್ಟು ದಿನ ಹೇಳಿದೆಯಲ್ಲ, ಅದಕ್ಕೇ ಇವತ್ತು ನಿನಗೆ ಅದರ ಗುರುತು ಸಿಕ್ಕಿತು. ಅದೋ, ಆ ಜಿಂಕೆಗಳಿಗೆ ಕೇಳಿಸಿದ್ದು ಬರೀ ಮೌನ. ಹೇಳುತ್ತಿರು. ನಡುನಡುವೆ ನಿಲ್ಲಿಸಿ ಕೇಳುತ್ತಿರು."

ಜೀರುಂಡೆ ಇನ್ನೂ ಸ್ವಲ್ಪ ಹೊತ್ತು ಕೇಳಿತು. ಆಮೇಲೆ ತಾನೊಂದೇ ಮೆಲ್ಲಗೆ ಶುರು ಮಾಡಿತು. ಒಂದೊಂದಾಗಿ ಉಳಿದವೂ ದನಿಗೂಡಿಸಿದವು. ಈರವ್ವ ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು, ಗೆಣಸನ್ನು ಅಲ್ಲೇ ಮರೆತು, ಬೆಟ್ಟ ಇಳಿದಳು.

ಈಗಲೂ ನೀನು ಬೇಸಿಗೆಯ ಮಧ್ಯಾಹ್ನ ಮರಗಳ ನಡುವೆ ನಡೆದು ನೋಡು ಮಗು. ಕಿವಿ ತುಂಬುವಂತೆ ಕೂಗುತ್ತಿದ್ದ ಜೀರುಂಡೆಗಳು ಒಮ್ಮೆಲೇ ಸುಮ್ಮನಾಗುತ್ತವೆ. ಆಗ ನೀನೂ ಹೆಜ್ಜೆ ಎತ್ತದೆ ನಿಲ್ಲು. ಯಾರಾದರೂ ಕರೆಯುತ್ತಿದ್ದಾರೆಯೇ ಎಂದು, ಆ ನಾದ ಇನ್ನೂ ಇದೆಯೇ ಎಂದು ಅವು ಕೇಳಿಸಿಕೊಳ್ಳುತ್ತಿರುತ್ತವೆ.