ಗಾಜಿನ ಹಿಂದಿನ ಸ್ವರಗಳು

ಮುಟ್ಟಿ ಓದಬೇಕಾದ ಬ್ರೈಲ್ ಸ್ವರಲಿಪಿಗೆ ಸಂಗೀತ ಶಾಲೆಯವರು ಗಾಜು ಹಾಕಿಸಿ ಗೋಡೆಗೆ ನೇತುಹಾಕಿದರು. ಇದು ಗೌರವವಲ್ಲ, ಕಳ್ಳತನ.

ಆ ಹಾಳೆಯ ಮೇಲೆ ಚುಕ್ಕಿ ಒತ್ತಿದ್ದ ಸ್ಟೈಲಸ್ ಎಂಬ ಮೊಂಡು ಮೊಳೆ ಮೇಜಿನ ಮೇಲಿಂದ ಕೇಳಿತು: "ಗಾಜಣ್ಣ, ಸ್ವರಕ್ಕೊಂದು ಸಾಲು, ಸಾಹಿತ್ಯಕ್ಕೊಂದು ಸಾಲು ಬಿಟ್ಟು ಬೆರಳಿಗೆ ದಾರಿ ಮಾಡಿದ್ದೆ. ನೀನೇಕೆ ಅಡ್ಡ ಮಲಗಿದೆ?"

"ನಾನು ಕಾಪಾಡುತ್ತಿದ್ದೇನೆ. ಮಂತ್ರಿಗಳೇ ನೋಡಿ ಮೆಚ್ಚಿದರು."

"ಸಂಜೆಯ ಕಚೇರಿಯಲ್ಲಿ ಪಿಟೀಲು ನುಡಿಸುವವರು ಮಂತ್ರಿಗಳೋ?"

ನುಡಿಸಬೇಕಾದವಳು ವಾರಿಜಾ. ಅವಳಿಗೆ ಕಣ್ಣು ಕಾಣದು. ಪಿಟೀಲು ಹಿಡಿದರೆ ಎರಡೂ ಕೈ ತುಂಬುವುದರಿಂದ ಆ ಹಾಳೆಯಲ್ಲಿರುವ ಕೃತಿಯನ್ನು ಮೊದಲೇ ಓದಿ ಬಾಯಿಪಾಠ ಮಾಡಿಕೊಳ್ಳಬೇಕು. ಅವಳು ಬಂದು ಗಾಜನ್ನು ತಡವಿದಳು.

"ಎಲ್ಲ ನುಣ್ಣಗಿದೆಯಲ್ಲ! ಸಂಜೆ ಸುಮ್ಮನೆ ಕೂತು ಎದ್ದು ಬರಲೇನು?"

"ಅಯ್ಯೋ, ಬೆರಳಿನ ಗುರುತು ಬಿತ್ತು!" ಎಂದು ಗಾಜು ಕಿರುಚಿತು.

"ಬೀಳಲಿ. ನಾನು ಬರೆದದ್ದೇ ಬೆರಳಿಗೆ" ಎಂದಿತು ಮೊಳೆ.

ವಾರಿಜಾ ಚೌಕಟ್ಟನ್ನು ಇಳಿಸಿ, ಮೇಜು ತಡವಿ ಮೊಳೆ ಹಿಡಿದು, ನೆಲದ ಮೇಲೆ ಕೂತು ಅದರಿಂದಲೇ ಚೌಕಟ್ಟಿನ ಬೆನ್ನನ್ನು ಮೀಟಿದಳು. ಹಾಳೆ ಅವಳ ಮಡಿಲಿಗೆ ಬಿತ್ತು. ಅವಳು ಅಲ್ಲೇ ಓದತೊಡಗಿದಳು.

ನಿಮ್ಮ ಶಾಲೆಯ ಗೋಡೆಯ ಮೇಲೂ ಇಂಥದ್ದು ತೂಗುತ್ತಿದ್ದರೆ ಇವತ್ತೇ ಇಳಿಸಿ. ಸನ್ಮಾನ ಸಾಕು, ಹಾಳೆಯನ್ನು ಓದುವವರ ಕೈಗೆ ಕೊಡಿ.