ಕಡವೆಯ ಕಿವಿಗೆ ಹೇಳಿದ ಹೆಸರು

ಪೂಜ್ಯ ನಿರಾಲಂಬ ಸ್ವಾಮಿಗಳು ಆ ವರ್ಷದ ಚಾತುರ್ಮಾಸ್ಯವನ್ನು ಕಣಿವಾಳರ ಬೆಟ್ಟದ ಬುಡದಲ್ಲಿ, ಹಾಳುಬಿದ್ದ ಸುಣ್ಣದ ಗೂಡೊಂದರಲ್ಲಿ ಕಳೆಯುತ್ತಿದ್ದರು. ಕಣಿವಾಳರು ಬೇಟೆಯವರು. ಅವರಲ್ಲಿ ಒಂದು ಕಟ್ಟಳೆಯಿತ್ತು. ಬಾಣ ತಾಗಿ ಬಿದ್ದ ಮೃಗದ ಬಾಯಿಗೆ ನೀರು ಬಿಟ್ಟು, ಹೊಡೆದವನು ಅದರ ಕಿವಿಯಲ್ಲಿ ತನ್ನ ಹೆಸರು ಹೇಳಬೇಕು. ಹೋಗುವ ಜೀವ ತನ್ನ ಸಾವಿನ ಲೆಕ್ಕವನ್ನು ಯಾರನ್ನು ಕೇಳಬೇಕೋ ಅವರನ್ನೇ ಕೇಳಲಿ ಎಂದು.

ಒಂದು ಸಂಜೆ ಬೂಚಿಗನೆಂಬ ಬೇಟೆಗಾರ ಸ್ವಾಮಿಗಳ ಬಳಿಗೆ ಬಂದ. ಸನ್ಯಾಸಿಗಳೆಂದರೆ ಅವನಿಗೆ ಅಷ್ಟಕ್ಕಷ್ಟೆ; ಬೂದಿ ಬಳಿದುಕೊಂಡು ಬಿಟ್ಟಿ ಕೂಳು ತಿನ್ನುವವರೆಂದು ಆಡಿಕೊಂಡು ನಗುತ್ತಿದ್ದವನು. ಆದರೆ ಈಗ ಅಣ್ಣನ ಪ್ರಾಣದ ಪ್ರಶ್ನೆ. ತಬ್ಬಲಿಯಾದ ಅವನನ್ನು ಹೆಗಲ ಮೇಲೆ ಹೊತ್ತು ಸಾಕಿದ ಅಣ್ಣ ಮಾಚ ಅನ್ನ ಬಿಟ್ಟಿದ್ದ. ಹೊತ್ತು ಮುಳುಗುತ್ತಲೇ ಬಾಗಿಲಾಚೆ ಗೊರಸಿನ ಸದ್ದಾಗುತ್ತಿತ್ತು. ಮಾಚ "ಬಂದೆ, ಬಂದೆ" ಎನ್ನುತ್ತ ಹಾಸಿಗೆಯಿಂದೇಳುತ್ತಿದ್ದ. ಹೊರಗೆ ನೋಡಿದರೆ ಏನೂ ಇಲ್ಲ. ಅಂಗಳದ ಕೆಸರಿನಲ್ಲಿ ಮೂಡಿದ ಹೆಜ್ಜೆ ಮಾತ್ರ ದಿನದಿನಕ್ಕೆ ಹೊಸ್ತಿಲಿಗೆ ಹತ್ತಿರವಾಗುತ್ತಿತ್ತು.

"ಒಂದು ದಾರ ಮಂತ್ರಿಸಿ ಕೊಡಿ ಬುದ್ದೀ. ನಮ್ಮಣ್ಣ ಉಳ್ಕಂಡ್ರೆ ಸಾಕು."

ಸ್ವಾಮಿಗಳು ಅವನ ಮುಖವನ್ನೇ ನೋಡಿ ಕೇಳಿದರು: "ಹೊಡೆದ ಮೃಗದ ಕಿವಿಯಲ್ಲಿ ಯಾರ ಹೆಸರು ಹೇಳಿದೆಯಪ್ಪಾ?"

ಬೂಚಿಗ ಯಾರಿಗೂ ಹೇಳದ ಮಾತದು. ಅವನು ಹೊಡೆದದ್ದು ಗಬ್ಬದ ಕಡವೆ. ಹತ್ತಿರ ಹೋಗಿ ಹೊಟ್ಟೆ ನೋಡಿದಾಗಲೇ ಅದು ಗೊತ್ತಾದದ್ದು; ತನ್ನ ಹೆಸರು ಹೇಳಲು ಹೆದರಿದ್ದ. ಚಿಕ್ಕಂದಿನಿಂದ ತನ್ನ ತಪ್ಪುಗಳನ್ನೆಲ್ಲ ತಲೆಯ ಮೇಲೆ ಹಾಕಿಕೊಂಡವನ ಹೆಸರನ್ನೇ ಅಂದೂ ಹೇಳಿಬಿಟ್ಟಿದ್ದ.

"ನಮ್ಮಣ್ಣಂದು," ಎಂದು ಬಿಕ್ಕಿದ.

"ಹಾಗಾದರೆ ದಾರ ಬೇಡ. ನೀರು ತಗೋ, ನಡೆ."

ಕಡವೆ ಬಿದ್ದಿದ್ದ ಹಳ್ಳದ ಬಳಿ ಬರುತ್ತಿದ್ದಂತೆ ಹಕ್ಕಿಗಳ ಸದ್ದು ಒಮ್ಮೆಲೇ ನಿಂತಿತು. ಅದು ಅಲ್ಲೇ ನಿಂತಿತ್ತು. ಅವನೇ ಕೊಯ್ದು ಊರಿಗೆಲ್ಲ ಹಂಚಿದ ಮೃಗ! ಹೊಟ್ಟೆ ತುಂಬಿದ ಹಾಗೇ ಇತ್ತು. ಪಕ್ಕೆ ಮಾತ್ರ ಉಸಿರಿಗೆ ಏರಿಳಿಯುತ್ತಿರಲಿಲ್ಲ.

"ನನ್ನ ಕರ್ಕಂಡು ಹೋಗ್ಬಿಟ್ರೆ, ಬುದ್ದೀ?"

"ಕರೆದರೆ ಹೋಗು. ಅಣ್ಣ ಉಳಿಯುತ್ತಾನೆ." ಇಷ್ಟೇ ನುಡಿದು ಸ್ವಾಮಿಗಳು ಅವನ ಬೆನ್ನ ಮೇಲೆ ಕೈಯಿಟ್ಟರು.

ಬೂಚಿಗ ಮಂಡಿಯೂರಿದ. ತಣ್ಣನೆಯ ಮೂತಿಯೊಂದು ಅವನ ಬೊಗಸೆಯ ನೀರನ್ನು ಕುಡಿಯಿತು. "ನಾನು ಬೂಚಿಗ. ನಿನ್ನ ಕೊಂದೋನು ನಾನೇ ಕಣವ್ವಾ," ಎಂದು ಅದರ ಕಿವಿಯಲ್ಲಿ ಹೇಳಿದ. ಕಡವೆ ಬಹಳ ಹೊತ್ತು ಅವನನ್ನೇ ನೋಡಿತು. ಆಮೇಲೆ ತಿರುಗಿ ಕಾಡಿನೊಳಗೆ ನಡೆಯಿತು.

ಮನೆಗೆ ಬಂದರೆ ಮಾಚ ಜಗಲಿಯಲ್ಲಿ ಕೂತು ಅಂಬಲಿ ಕುಡಿಯುತ್ತಿದ್ದ. ತಮ್ಮನನ್ನು ಕಂಡವನೇ ಅಕ್ಕರೆಯಿಂದ, "ಬೂಚಿಗಾ!" ಎಂದು ಕೂಗಿದ. ತಮ್ಮ ಬಾಯಿ ತೆರೆಯುವ ಮುಂಚೆಯೇ, ಬೆಟ್ಟದ ಮೇಲಿನ ಕಾಡಿನಿಂದ, ಅವನದೇ ದನಿಯಲ್ಲಿ "ಓ" ಎಂಬ ಉತ್ತರ ಬಂತು.

ಮಾಚನ ಕೈಯಿಂದ ಬಟ್ಟಲು ಜಾರಿತು. ಬೂಚಿಗ ಮಾತ್ರ ನಡುಗಲಿಲ್ಲ. "ಆ ಹೆಸರು ಅದಕ್ಕೆ ಕೊಟ್ಟಾಯ್ತಣ್ಣಾ," ಎಂದು ಅಣ್ಣನ ಪಾದ ಮುಟ್ಟಿ, ಬಿಲ್ಲನ್ನು ಅಲ್ಲೇ ಬಿಟ್ಟು ಸ್ವಾಮಿಗಳ ಹಿಂದೆ ಹೊರಟುಹೋದ.

ಮುಂದೆ ತಮ್ಮ ಶಿಷ್ಯರಾದ ಬೂಚಿಗರಿಗೆ ಸ್ವಾಮಿಗಳು ಬೇರೆ ಹೆಸರಿಡಲಿಲ್ಲ. ಆ ಮಹನೀಯ ಶಿಷ್ಯರ ಗದ್ದುಗೆಗೆ ಕಣಿವಾಳರು ಇಂದಿಗೂ ನಡೆದುಕೊಳ್ಳುತ್ತಾರೆ. ಆದರೆ ಹೊತ್ತು ಮುಳುಗಿದ ಮೇಲೆ ಅಲ್ಲಿ ಯಾರೂ ಅವರ ಹೆಸರು ಹಿಡಿದು ಕೂಗುವುದಿಲ್ಲ. ಕೂಗಿದರೆ ಓಗೊಡುವುದು ಅವರಲ್ಲ.